ನಿಮ್ಮಪ್ಪಗೆ ಹೇಳು, ನಿಮ್ಮಮ್ಮನ್ನ ಕೇಳು

ನಮ್ಮನೇಲಿ ಇಂಥದ್ದು ವಾರಕ್ಕೊಂದಾದ್ರೂ ಆಗ್ತೈತೆ. ಹೊರಗೆ ಹೇಳ್ತಿರೋದು ಇದೇ ಮೊದಲು. ಅಪ್ಪ ಅಮ್ಮಗೆ ಒಬ್ರ ಮೇಲೊಬ್ರಿಗೆ ಭಾಳ ಪ್ರೀತಿ, ಆದ್ರೆ ತಮಗೇನ್ ಬೇಕು ಅಂತ ಎದುರಾಬದುರು ಹೇಳಲ್ಲ. ಪುಸ್ತಕ ಹಿಡ್ಕಂಡು ಮೂಲೇಲಿ ಕೂತಿರೋ ನಾನು ಇಬ್ರ ಕೈಗೂ ಸಿಗ್ತೀನಿ.

ಪಾರ್ಸೆಲ್

ಅಪ್ಪನ ಫ್ಯಾಕ್ಟ್ರಿ ದಾವಣಗೆರೆ ಕರೂರಲ್ಲಿ, ಮನೆ ಹರಿಹರದಲ್ಲಿ. ಶನಿವಾರ ಬಂತಂದ್ರೆ ಅಮ್ಮಗೆ ಅಂತ ಬೆಣ್ಣೆ ದೋಸೆ ಪಾರ್ಸೆಲ್ ತರ್ತಾರೆ. ಬೈಕಲ್ಲಿ ಹರಿಹರ ಮುಟ್ಟೋದ್ರೊಳಗೆ ಗರಿಗರಿ ಎಲ್ಲಾ ಹೋಗಿರ್ತೈತೆ.

ಅಮ್ಮ ಅಡುಗೆಮನೇಲಿ ಪಿಸುಗುಟ್ಟಿದ್ಲು: "ಇದೇನ್ ದೋಸೆನೋ, ಒದ್ದೆ ಟವೆಲ್ಲೋ? ಒಂದ್ಸಲ ಹೋಟ್ಲಲ್ಲೇ ಕೂತು, ಹೆಂಚಿಂದ ಇಳಿದಿದ್ದು ಬಿಸಿಬಿಸಿ ತಿನ್ಬೇಕು ಕಣೇ."

ಹೊರಗಿಂದ ಅಪ್ಪ: "ಹೆಂಗೈತೆ ಕೇಳೇ ನಿಮ್ಮಮ್ಮನ್ನ."

"ಭಾಳ ಚೆನ್ನಾಗೈತೆ ಅಂತ ಹೇಳು."

ಹೇಳಿದೆ. ಮುಂದಿನ ಶನಿವಾರ ಎರಡು ಪಾರ್ಸೆಲ್ ಬಂದ್ವು.

ಫ್ಯಾನು

ಅಪ್ಪಗೆ ಸೆಕೆ ತಡಿಯಲ್ಲ, ಅಮ್ಮಗೆ ಫ್ಯಾನ್ ಗಾಳಿ ಆಗಲ್ಲ.

"ಪುಟ್ಟಿ, ನಿನಗೆ ಸೆಕೆ ಅಲ್ವಾ?" ಅಂತ ಅಪ್ಪ ಫ್ಯಾನ್ ಜೋರು ಮಾಡಿದ್ರು.

"ಪುಟ್ಟಿ, ನಿನಗೆ ಚಳಿ ಅಲ್ವಾ?" ಅಂತ ಅಮ್ಮ ನನಗೆ ಸ್ವೆಟರ್ ಹಾಕಿದ್ಲು.

ಮೇ ತಿಂಗಳು. ಸ್ವೆಟರ್ ಹಾಕ್ಕಂಡು ಫ್ಯಾನ್ ಕೆಳಗೆ ಓದ್ತಾ ಕೂತೆ.

ಹೋಟ್ಲು

ಕೊನೆಗೆ ಒಂದಿನ ಧೈರ್ಯ ಮಾಡಿ ಅಪ್ಪಗೆ ನಿಜ ಹೇಳಿಬಿಟ್ಟೆ: "ಅಮ್ಮಗೆ ನಿಮ್ ಪಾರ್ಸೆಲ್ ಸೇರಲ್ಲ. ಹೋಟ್ಲಲ್ಲಿ ಕೂತು ಬಿಸಿದು ತಿನ್ಬೇಕಂತೆ."

ಅಪ್ಪ ಹೆಲ್ಮೆಟ್ ಹಿಡ್ಕಂಡು ಹಂಗೇ ನಿಂತ್ರು. "ಮತ್ತೆ ಇಷ್ಟು ದಿನ ಚೆನ್ನಾಗೈತೆ ಅಂದಿದ್ದು?"

"ನಿಮಗೆ ಬೇಜಾರಾಗ್ತೈತೆ ಅಂತ."

ಭಾನುವಾರ ಮೂರೂ ಜನ ಬಸ್ ಹತ್ತಿ ದಾವಣಗೆರೆಗೆ ಹೋದ್ವಿ. ದೋಸೆ ಬಂತು. ಅಮ್ಮ ಬೆರಳು ಸುಟ್ಕಂಡು ನಕ್ಕಳು. ಅಪ್ಪ ತಮ್ಮ ದೋಸೆ ಮರ್ತು ಅವಳ್ನೇ ನೋಡ್ತಾ ಕೂತ್ರು. ಖುಷಿ ತಡೀಲಾರ್ದೆ ಸಪ್ಲೈಯರ್‌ನ ಕರೆದ್ರು: "ಇಂಥದ್ದೇ ಎರಡು ಪಾರ್ಸೆಲ್ ಕಟ್ರಿ!"

"ಪಾರ್ಸೆಲ್ ಬ್ಯಾಡ್ರೀ!" ಅಂತ ಅಮ್ಮ ಕೂಗೇ ಬಿಟ್ಲು. ಇಡೀ ಹೋಟ್ಲು ತಿರುಗಿ ನೋಡ್ತು. "ನನಗೆ ಬಿಸಿದೇ ಬೇಕು. ಇಲ್ಲೇ. ನಿಮ್ ಜೊತೆ ಕೂತು."

ಅಪ್ಪನ ಕಿವಿ ಕೆಂಪಾದ್ವು. "ಇನ್ನೊಂದು ಬಿಸಿದು ಇಲ್ಲಿಗೇ ತರ್ರಿ" ಅಂದ್ರು, ಮೆಲ್ಲಗೆ.

ಸದ್ಯ, ನನ್ನ ಕೆಲಸ ಮುಗೀತು ಅಂತ ಚೀಲದಿಂದ ಪುಸ್ತಕ ತೆಗೆದೆ. ಅಮ್ಮ ಮೊಣಕೈಲಿ ತಿವಿದ್ಲು.

"ಬೆಣ್ಣೆ ಜಾಸ್ತಿ ಹಾಕ್ಸೋಕೆ ಹೇಳೇ ನಿಮ್ಮಪ್ಪಗೆ."