ಪಿ.ಟಿ. ಮೇಷ್ಟ್ರು ಕೋಟೆಗೆ ನುಸುಳಿದ್ದು

ಸದ್ದಿಲ್ಲದೆ ಬದುಕುವುದೂ ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ. ನಾನು ಸೀನಿದರೆ ಪಕ್ಕದ ಮನೆಯ ಕೂಸು ನಿದ್ದೆಯಿಂದೆದ್ದು ಅಳುತ್ತದೆ. ಹೆಂಡತಿಗೆ ಗುಟ್ಟೊಂದನ್ನು ಹೇಳಿದರೆ ಅದು ಮೊದಲು ಹಾಲಿನವನಿಗೆ ಗೊತ್ತಾಗುತ್ತದೆ. ತಪ್ಪು ನನ್ನದಲ್ಲ, ನನ್ನ ಉದ್ಯೋಗದ್ದು. ಗುಬ್ಬಿಯ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಮೇಷ್ಟ್ರಾಗಿದ್ದವನು. ಮೈದಾನದ ಆ ತುದಿಯಲ್ಲಿ ನಿಂತ ಹುಡುಗನ ಬೆನ್ನು ಇಲ್ಲಿಂದಲೇ ನೆಟ್ಟಗಾಗಬೇಕು ಎಂದು ಕೂಗಿ ಕೂಗಿ ಬೆಳೆಸಿದ ಗಂಟಲಿದು. ರಿಟೈರ್ ಆಗಿ ತುಮಕೂರಿನ ಬಟವಾಡಿಗೆ ಬಂದು ಬಾಡಿಗೆ ಮನೆ ಹಿಡಿದ ಮೇಲೂ ಅದು ರಿಟೈರ್ ಆಗಲಿಲ್ಲ. "ನಾನು ಎದುರಿಗೇ ಕೂತಿದೀನಿ ಕಣ್ರೀ, ಗುಬ್ಬಿಲಿಲ್ಲ," ಎಂದು ನನ್ನ ಹೆಂಡತಿ ಸರೋಜ ಊಟಕ್ಕೆ ಕೂತಾಗಲೆಲ್ಲ ನೆನಪಿಸುತ್ತಾಳೆ. ಇಂಥವನು ಉಸಿರು ಬಿಗಿಹಿಡಿದು ಶತ್ರುಗಳ ಕೋಟೆಯೊಳಗೆ ನುಸುಳಬೇಕಾಗಿ ಬಂದರೆ ಏನಾಗಬಹುದೋ ಅದೇ ಆಯಿತು.

ನಮ್ಮ ಮಗಳು ಚೈತ್ರಳ ಕೆಲಸ ವಿಡಿಯೋ ಗೇಮ್ ಆಡಿ, ಅದರ ಗುಣದೋಷಗಳನ್ನು ವೆಬ್‌ಸೈಟೊಂದಕ್ಕೆ ಬರೆಯುವುದು. ಕುಣಿಗಲ್ಲಿನಲ್ಲಿರುವ ನನ್ನ ಭಾವಮೈದುನನಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ಆಡಿದ್ದಕ್ಕೆ ಸಂಬ್ಳ ಕೊಡ್ತಾರಾ ಭಾವ?" ಎಂದು ಪ್ರತಿ ಹಬ್ಬಕ್ಕೂ ಕೇಳುತ್ತಾನೆ. ನನಗೇನೂ ಆಶ್ಚರ್ಯವಿಲ್ಲ. ಊರ ಮಕ್ಕಳನ್ನೆಲ್ಲ ಆಡಿಸಿದ್ದಕ್ಕೆ ಸರ್ಕಾರ ನನಗೂ ಸಂಬಳ ಕೊಟ್ಟಿತ್ತಲ್ಲ. ನನಗಿದ್ದ ಬೇಸರ ಬೇರೆ. ಅವಳು ತನ್ನ ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ, ಒಳಗಿನಿಂದ ಕತ್ತಿ ಗುರಾಣಿಗಳ ಸದ್ದು ಕೇಳುತ್ತಿತ್ತೇ ಹೊರತು ಮಗಳ ದನಿಯಲ್ಲ. "ಊಟ ಆಯ್ತಾ?" "ಆಯ್ತಪ್ಪ." ನಮ್ಮಿಬ್ಬರ ಸಂಭಾಷಣೆ ಇಷ್ಟಕ್ಕೇ ಬಂದು ನಿಂತು ವರ್ಷಗಳೇ ಆಗಿದ್ದವು.

ಹೀಗಿರುವಾಗ ಸ್ಕೂಟರಿಗೆ ಬೀದಿನಾಯಿ ಅಡ್ಡ ಬಂದು ಚೈತ್ರ ಬಿದ್ದಳು. ಬಲಗೈಯ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದವಳು ಕಣ್ಣೀರು ಹಾಕಿದ್ದು ನೋವಿಗಲ್ಲ. ಬಹಳ ದಿನ ಕಾದಿದ್ದ ದೊಡ್ಡ ಗೇಮೊಂದು ಮೊದಲ ಸಲ ಅವಳ ಪಾಲಿಗೆ ಬಂದಿತ್ತು. ಈಗ ಬರೆಯಲಾಗುವುದಿಲ್ಲ ಎಂದರೆ ಅದು ಇನ್ನೊಬ್ಬರ ಕೈಗೆ ಹೋಗುತ್ತದೆ. ಮುಂದಿನ ದೊಡ್ಡ ಗೇಮೂ ಅವರ ಹಿಂದೆಯೇ ಹೋಗುತ್ತದೆ. "ಬರೆಯೋದು ಬಾಯಲ್ಲಿ ಹೇಳಿದ್ರೆ ಫೋನೇ ಬರ್ಕೊಳುತ್ತೆ. ಆಡೋದು ಹೆಂಗಪ್ಪ?" ಎಂದಳು. ನಾನು ಹಿಂದೆ ಮುಂದೆ ನೋಡದೆ, "ನಾನು ಆಡ್ತೀನಿ, ನೀನು ನೋಡು," ಎಂದುಬಿಟ್ಟೆ. ಅಳುತ್ತಿದ್ದವಳು ನಕ್ಕಳು. ಮುಚ್ಚಿದ ಬಾಗಿಲು ಹಾಗೆ ತೆರೆಯಿತು.

ನಡುಮನೆಯ ಟಿ.ವಿ.ಗೆ ಗೇಮ್ ಜೋಡಿಸಿಕೊಂಡು ಕೂತೆವು. ಆಟ ಇಷ್ಟೇ. ಒಬ್ಬಳು ತರುಣಿ, ಅವಳ ಗುರುವನ್ನು ಬೆಟ್ಟದ ಕೋಟೆಯಲ್ಲಿ ಸೆರೆ ಹಾಕಿದ್ದಾರೆ. ಕಾವಲುಗಾರರ ಕಣ್ಣಿಗೆ ಬೀಳದೆ ಒಳಹೊಕ್ಕು ಅವರನ್ನು ಬಿಡಿಸಿ ತರಬೇಕು. ಹುಲ್ಲಿನ ಮೇಲೆ ನಡೆದರೆ ಸದ್ದಾಗುವುದಿಲ್ಲ, ಹಲಗೆಯ ಮೇಲೆ ಆಗುತ್ತದೆ. ಮಳೆ ಬಂದರೆ ಹೆಜ್ಜೆಯ ಸಪ್ಪಳ ಮುಚ್ಚಿಹೋಗುತ್ತದೆ, ಆದರೆ ಕೆಸರಿನಲ್ಲಿ ಗುರುತು ಉಳಿಯುತ್ತದೆ. ಇಷ್ಟು ನಾಜೂಕಾಗಿ ಕಟ್ಟಿದ ಲೋಕಕ್ಕೆ ನಾನು ಕಾಲಿಟ್ಟೆ. ನನ್ನ ಕೈಗೆ ಸಿಕ್ಕ ಕೂಡಲೇ ಆ ಹುಡುಗಿ ಮಾರ್ಚ್‌ಪಾಸ್ಟ್ ಮಾಡತೊಡಗಿದಳು. ಹೆಬ್ಬಾಗಿಲಿನ ಎದುರು ಎದೆಯುಬ್ಬಿಸಿ ನಡೆದು ಹೋಗಿ ಸತ್ತಳು. ಇನ್ನೊಮ್ಮೆ ಸತ್ತಳು. "ಬಗ್ಗಪ್ಪ, ಬಗ್ಗು!" ಎಂದಳು ಚೈತ್ರ. ನಾನು ಸೋಫಾದ ಮೇಲೆ ಬಗ್ಗಿದೆ. "ನೀನಲ್ಲ, ಅವಳು!" ಕಾಫಿ ತಂದ ಸರೋಜ ನನ್ನ ಭಂಗಿ ನೋಡಿ, "ಕೈ ಮುರ್ಕೊಂಡಿರೋದು ಅವಳು, ನರಳ್ತಿರೋದು ನೀವು," ಎಂದು ಲೋಟ ಇಟ್ಟು ಹೋದಳು.

ಬಗ್ಗುವುದನ್ನು ಕಲಿತ ಮೇಲೆ ಇನ್ನೊಂದು ತೊಂದರೆ ಶುರುವಾಯಿತು. ಕಾವಲುಗಾರನ ಹಿಂದಿನಿಂದ ಹೋಗಿ ಅವನ ಕತ್ತು ಅಮುಕಿ ಬೀಳಿಸಬೇಕು. ನನ್ನಿಂದಾಗಲಿಲ್ಲ. ಪಾಪ, ಒಬ್ಬನೇ ಡ್ಯೂಟಿ ಮಾಡುತ್ತಿದ್ದಾನೆ. ಆ ಕಂಬದಿಂದ ಈ ಕಂಬಕ್ಕೆ, ಈ ಕಂಬದಿಂದ ಆ ಕಂಬಕ್ಕೆ. ಸದ್ದಾದರೆ ನಿಂತು, "ಯಾರದು?" ಎಂದು ಕೇಳಿ, ಉತ್ತರ ಬಾರದಿದ್ದರೆ "ಗಾಳಿ ಇರಬೇಕು," ಎಂದುಕೊಂಡು ಮುಂದೆ ಹೋಗುತ್ತಾನೆ. ಮೈದಾನದ ಬೇಲಿಯ ಪಕ್ಕ ನಾನು ಸವೆಸಿದ ದಾರಿಯೂ ಅದೇ, ಆಡಿದ ಮಾತೂ ಅದೇ. "ಕಾವಲುಗಾರರು ಪೆದ್ದರು ಅಂತ ದೋಷದ ಕಡೆ ಬರೀತೀನಿ," ಎಂದಳು ಚೈತ್ರ. "ಗುಣದ ಕಡೆ ಬರಿ," ಎಂದೆ. "ಸಂಬಳಕ್ಕೆ ದುಡಿಯೋ ಮನುಷ್ಯನ್ನ ಇದ್ದಂಗೇ ತೋರಿಸಿದಾರೆ." ನಾವಿಬ್ಬರೂ ಇದರ ಮೇಲೆ ಒಂದಿಡೀ ಮಧ್ಯಾಹ್ನ ಜಗಳವಾಡಿದೆವು. ಮಗಳೊಂದಿಗೆ ಅಷ್ಟು ಹೊತ್ತು ಜಗಳವಾಡುವ ಭಾಗ್ಯ ಸಿಕ್ಕಿ ಎಷ್ಟು ಕಾಲವಾಗಿತ್ತೋ!

ಕೋಟೆಯ ಅಂಗಳವೊಂದರಲ್ಲಿ ನಾವು ಸಿಕ್ಕಿಹಾಕಿಕೊಂಡೆವು. ಕಾವಲುಗಾರ ಜಾಗ ಬಿಟ್ಟು ಕದಲುವುದಿಲ್ಲ, ನಾವು ದಾಟುವಂತಿಲ್ಲ. ಆ ಹೊತ್ತಿಗೆ ಸರಿಯಾಗಿ ಲೋಕೇಶ ಬಂದ. ಹಾಗಲವಾಡಿಯಿಂದ ಗುಬ್ಬಿಗೆ ಬಸ್ಸಿನಲ್ಲಿ ಓಡಾಡಿ ಓದಿದ ನನ್ನ ಹಳೆಯ ಶಿಷ್ಯ. ಈಗ ಬಟವಾಡಿಯಲ್ಲೇ ಪೇಂಟ್ ಅಂಗಡಿ ಇಟ್ಟಿದ್ದಾನೆ, ತಲೆ ಅರ್ಧ ನೆರೆತಿದೆ. ಚೈತ್ರ ಬಿದ್ದ ಸುದ್ದಿ ಕೇಳಿ ಎಳನೀರು ಹಿಡಿದು ಬಂದಿದ್ದವನು ಟಿ.ವಿ. ನೋಡುತ್ತ ಬಾಗಿಲಲ್ಲೇ ನಿಂತುಬಿಟ್ಟ.

"ಸಾರ್, ಆ ಮೂಲೆಗೊಂದು ಕಲ್ಲು ಎಸೀರಿ."

ಎಸೆದೆ. ಕಾವಲುಗಾರ "ಯಾರದು?" ಎನ್ನುತ್ತ ಆ ಮೂಲೆಗೆ ಹೋದ. ನಮ್ಮ ಹುಡುಗಿ ಈ ಕಡೆಯಿಂದ ಸಲೀಸಾಗಿ ದಾಟಿದಳು.

"ನಿಂಗೆ ಹೆಂಗೋ ಗೊತ್ತಾಯ್ತು? ನೀನೂ ಇದನ್ನ ಆಡ್ತೀಯೇನ್ಲಾ?"

"ಇದನ್ನಲ್ಲ ಸಾರ್," ಎಂದ ಲೋಕೇಶ ಸಂಕೋಚದಿಂದ. "ನಿಮ್ ಪೀರಿಯಡ್ ಲಾಸ್ಟ್‌ಗಿರ್ತಿತ್ತಲ್ಲ. ಮುಗಿಯೋ ತಂಕ ಕಾದ್ರೆ ನಮ್ಮೂರ ಬಸ್ಸು ಹೊಂಟೋಗದು. ಒಬ್ಬ ಆ ಕಡೆ ಹುಣಸೆ ಮರಕ್ಕೆ ಕಲ್ಲು ಹೊಡೆಯೋನು. ನೀವು ಸೀಟಿ ಊದ್ಕೊಂಡು ಅಲ್ಲಿಗೆ ಓಡೋರು. ನಾವು ಈ ಕಡೆ ಬೇಲಿ ಹಾರೋವು."

ನಾನು ಗೇಮ್ ಆಡಿಸುವ ಕಂಟ್ರೋಲರನ್ನು ಕೆಳಗಿಟ್ಟೆ. ಹುಣಸೆಕಾಯಿ ಕದಿಯುವ ಊರ ಪೋಕರಿಗಳನ್ನು ಹಿಡಿಯುತ್ತಿದ್ದೇನೆಂದು ಅಷ್ಟು ವರ್ಷವೂ ನಂಬಿಕೊಂಡಿದ್ದವನು ನಾನು. ಆ ಕಲ್ಲು ಬೇಲಿ ಹಾರುವವರದೇ ಎಂದು ಹೊಳೆದೇ ಇರಲಿಲ್ಲ. ಈ ಬಗ್ಗೆ ಹೆಡ್‌ಮಾಸ್ಟರರ ಮುಂದೆ ಹೆಮ್ಮೆಯಿಂದ ಮಾತಾಡಿದ್ದೂ ಉಂಟು. ಚೈತ್ರ ಪ್ಲಾಸ್ಟರ್ ಕೈಯನ್ನು ಎದೆಗೊತ್ತಿಕೊಂಡು ನಗುತ್ತಿದ್ದಳು.

"ಆದ್ರೂ ಸಾರ್, ಈ ಗೇಮ್ ನಿಮ್ಮಷ್ಟು ಕಷ್ಟ ಇಲ್ಲ ಬುಡಿ," ಎಂದ ಲೋಕೇಶ, ಎಳನೀರು ಕೊಚ್ಚುತ್ತ. "ಇವ್ರು ಒಂದ್ ಗಳಿಗೆ ಹುಡುಕ್ತಾರೆ, ಆಮೇಲೆ ಮರ್ತೇಬುಡ್ತಾರೆ. ನೀವು ಬಸ್‌ಸ್ಟ್ಯಾಂಡ್‌ಗಂಟ ಬರ್ತಿದ್ರಿ. ಮಾರನೇ ದಿನ ಪ್ರೇಯರ್‌ನಲ್ಲಿ ಹೆಸ್ರು ಕರೀತಿದ್ರಿ. ಮೈದಾನದಾಗೆ ನಾನಿಲ್ಲ ಅಂತ ನಿಮ್ಗೊಬ್ರಿಗೇ ಗೊತ್ತಾಗ್ತಿದ್ದಿದ್ದು." ಅವನು ಹೋದ ಮೇಲೂ ನನಗೆ ಆ ಮಾತಿನಿಂದ ಹೊರಬರಲಾಗಲಿಲ್ಲ. ಅಂದು ಹೆಸರು ಕರೆದು ಬಿಸಿಲಿನಲ್ಲಿ ನಿಲ್ಲಿಸಿದ್ದನ್ನು ಹುಡುಗನೊಬ್ಬ ಇಷ್ಟು ಪ್ರೀತಿಯಿಂದ ನೆನೆಸಿಕೊಳ್ಳಬಹುದೆಂದು ಯಾರಿಗೆ ಗೊತ್ತಿತ್ತು?

ಕೋಟೆಯ ಮೇಲಿನ ಬುರುಜು ಹತ್ತುವಾಗ ಇಡೀ ಬೆಟ್ಟ ಕಾಣುತ್ತದೆ, ಬಂಡೆಗಳ ಸಂದಿಯಲ್ಲಿ ಗಾಳಿ ಸುಯ್ಗುಡುತ್ತದೆ. ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಆದರೂ ನಾವಿಬ್ಬರೂ ಸುಮ್ಮನೆ ನಿಂತೆವು. "ಹುಲಿಯೂರುದುರ್ಗ ಇದ್ದಂಗಿದೆ ಅಲ್ವಾ ಅಪ್ಪ?" ಎಂದಳು. ಚಿಕ್ಕವಳಿದ್ದಾಗ ಅವಳನ್ನು ಆ ಬೆಟ್ಟಕ್ಕೆ ಕರೆದೊಯ್ದಿದ್ದೆ. ಮುಂದೆ ಓಡಿ ಬಂಡೆಯ ಹಿಂದೆ ಅಡಗಿದ್ದಳು. ನಾನು ಗಾಬರಿಯಿಂದ ಬೆಟ್ಟವೆಲ್ಲ ಮೊಳಗುವಂತೆ ಕೂಗಿದ್ದೆ. ನನಗೆ ನೆನಪಿದ್ದದ್ದು ಆ ಭಯ ಮಾತ್ರ. ಅವಳು ಬೇರೆಯದೇ ಹೇಳಿದಳು: "ನಿನ್ ದನಿ ಎಲ್ಲಾ ಬಂಡೆಗೂ ತಾಗಿ ವಾಪಸ್ ಬರ್ತಿತ್ತು. ಹತ್ತು ಜನ ಅಪ್ಪಂದಿರು ಹುಡುಕ್ತಿದಾರೆ ಅನ್ಸೋದು. ಅದಕ್ಕೇ ಬೇಗ ಬರ್ಲಿಲ್ಲ."

ಕೊನೆಯ ಘಟ್ಟದಲ್ಲಿ ಗೇಮ್ ನಮಗೆ ಮೋಸ ಮಾಡಿತು. ಅಲ್ಲಿಯವರೆಗೆ ನೆರಳಿನಲ್ಲಿ ನಡೆಯುವುದನ್ನು ಕಲಿಸಿ, ಗುರುವಿನ ಬಾಗಿಲಲ್ಲಿ ದೈತ್ಯನೊಬ್ಬನನ್ನು ನಿಲ್ಲಿಸಿ ಎದುರಾಬದುರು ಹೊಡೆದಾಡು ಎಂದಿತು. ಇದು ಕಬಡ್ಡಿ ಕಲಿಸಿ ಈಜಿನ ಪರೀಕ್ಷೆ ಇಟ್ಟ ಹಾಗೆ. ದೊಡ್ಡ ದೋಷ ಇದೇ ಎಂದು ಇಬ್ಬರೂ ಒಪ್ಪಿದೆವು. ಅಂತೂ ನನ್ನ ಎರಡು ಹೆಬ್ಬೆರಳು, ಅವಳ ಎಡಗೈಯ ಒಂದು ಹೆಬ್ಬೆರಳು ಸೇರಿ ದೈತ್ಯನನ್ನು ಕೆಡವಿ, ಗುರುಗಳನ್ನು ಬಿಡಿಸಿದವು. ಲೇಖನ ಸಮಯಕ್ಕೆ ಸರಿಯಾಗಿ ಹೋಯಿತು. ದೋಷದ ಪಟ್ಟಿಯಲ್ಲಿ ಚೈತ್ರ ಬರೆದಿದ್ದಳು: "ಇಲ್ಲಿನ ಕಾವಲುಗಾರರು ಬೇಗ ಮರೆಯುತ್ತಾರೆ. ನಿಜವಾಗಿ ಹುಡುಕುವವರು ಹಾಗೆ ಮರೆಯುವುದಿಲ್ಲ." ಮುಂದಿನ ಗೇಮನ್ನೂ ಅವಳಿಗೇ ಕೊಡುವುದಾಗಿ ವೆಬ್‌ಸೈಟಿನವರು ಹೇಳಿದರಂತೆ.

ಪ್ಲಾಸ್ಟರ್ ಬಿಚ್ಚುವ ದಿನ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಚೆನ್ನಾಗಿ ಕೂಡ್ಕೊಂಡಿದೆ. ಇನ್ಮೇಲೆ ಎಲ್ಲಾ ಮಾಡ್ಬೋದು," ಎಂದರು. "ಇಷ್ಟು ಬೇಗಾನಾ ಡಾಕ್ಟ್ರೇ? ಸರಿಯಾಗಿ ನೋಡಿದ್ರಾ?" ಎಂದು ಕೇಳಿಬಿಟ್ಟೆ. ಮಗಳ ಕೈ ವಾಸಿಯಾದದ್ದಕ್ಕೆ ಮುಖ ಸಪ್ಪಗೆ ಮಾಡಿಕೊಂಡ ತಂದೆಯನ್ನು ಅವರು ಅದೇ ಮೊದಲು ನೋಡಿರಬೇಕು. ಆಟೋದಲ್ಲಿ ಬರುವಾಗ, ಬಹಳ ಹೊತ್ತು ತಡೆದುಕೊಂಡು ಕೇಳಿದೆ: "ಮುಂದಿನ್ ಗೇಮು ಎಂಥದ್ದು?"

"ಇಬ್ರು ಸೇರಿ ಆಡೋದಪ್ಪ." ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. "ಅಡುಗೆ ಗೇಮು. ಜೊತೆಗೆ ಅಮ್ಮನ್ನ ಕರ್ಕೊಳೋಣ ಅಂತಿದೀನಿ."

ಮಾರನೆಯ ಬೆಳಗ್ಗೆಯಿಂದ ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವುದನ್ನು ಕಲಿಯುತ್ತಿದ್ದೇನೆ. ಇದ್ದಕ್ಕಿದ್ದಂತೆ ಈ ಮನುಷ್ಯನಿಗೆ ಏನಾಯಿತೆಂದು ಸರೋಜ ನನ್ನ ಮೇಲೆ ಒಂದು ಕಣ್ಣಿಟ್ಟಿದ್ದಾಳೆ.