ಓನೋರಾಳ ಗೋಡೆಗೆ ಬಂದ ಬಹುಮಾನ

ಬ್ಯಾಲಿಕ್ಲೋಗರ್ ಎಸ್ಟೇಟಿನಲ್ಲಿ ಮನೆಯ ಗೋಡೆಗೆ ಸುಣ್ಣ ಬಳಿಯುವುದನ್ನು ಗೇಣಿ ಹೆಚ್ಚಿಸಿ ಎಂದು ಕೊಟ್ಟ ಅರ್ಜಿಯೆಂದು ಪರಿಗಣಿಸಲಾಗುತ್ತದೆ. ಇದು ಹದಿನಾಲ್ಕನೆಯ ನಿಯಮ. ಸುಣ್ಣ ಕೊಳ್ಳುವಷ್ಟು ಕೈಯಲ್ಲಿ ಉಳಿದಿದೆ ಎಂದರೆ ಆ ಗೇಣಿದಾರನಿಂದ ನಾವು ಕಡಿಮೆ ವಸೂಲು ಮಾಡುತ್ತಿದ್ದೇವೆ ಎಂದೇ ಅಲ್ಲವೇ? ಹದಿನೆಂಟು ವರ್ಷಗಳಿಂದ ಈ ಕಚೇರಿಯ ಗುಮಾಸ್ತನಾಗಿರುವ ನನಗೆ ಇದರಲ್ಲಿ ಯಾವ ದೋಷವೂ ಕಂಡಿಲ್ಲ. ಗೇಣಿದಾರರಿಗೂ ಕಂಡಿಲ್ಲ. ಮಸಿ ಹಿಡಿದ ಗೋಡೆಗಳನ್ನು ಅವರು ಜೋಪಾನವಾಗಿ ಕಾಯ್ದುಕೊಂಡು ಬಂದಿದ್ದಾರೆ. ಫೆಸ್ಟಸ್ ಲ್ಯಾಲಿ ಎಂಬಾತನಂತೂ ತನ್ನ ತಿಪ್ಪೆಯನ್ನು ಹೊಸಿಲಿನವರೆಗೂ ತಂದಿಟ್ಟು, ದೊರೆಯ ಪರವಾಗಿ ಗೇಣಿ ಎತ್ತುವ ಏಜೆಂಟರು ಬರುವ ದಿನ ಒಮ್ಮೆ ಚೆನ್ನಾಗಿ ಕೆದಕಿ ಬಿಡುತ್ತಾನೆ.

ಎಲ್ಲವೂ ಹೀಗೆ ಸುಗಮವಾಗಿ ನಡೆದಿರುವಾಗ, ನಮ್ಮ ದೊರೆ ಸರ್ ಆಂಬ್ರೋಸ್ ವಿಂಡಲ್ ಅವರ ಶ್ರೀಮತಿಯವರಿಗೆ ಇಂಗ್ಲೆಂಡಿನಲ್ಲಿ ಕೂತಲ್ಲೇ ನಮ್ಮ ನೆನಪಾಯಿತು. ಇಬ್ಬರೂ ನಮ್ಮನ್ನು ನೋಡಿದವರಲ್ಲ, ಹಾಗಾಗಿ ಪ್ರೀತಿ ಕೆಟ್ಟಿರಲಿಲ್ಲ. ಪ್ರಕಟಣೆ ಹೊರಟಿತು:

"ಸಮಸ್ತ ಗೇಣಿದಾರರಿಗೆ ತಿಳಿಯಪಡಿಸುವುದೇನೆಂದರೆ, ಅತ್ಯಂತ ಶುಭ್ರವಾದ ಮನೆಗೆ ಲೇಡಿಯವರ ಭಾವಚಿತ್ರವನ್ನು ಕಟ್ಟು ಹಾಕಿಸಿ ಬಹುಮಾನವಾಗಿ ಕೊಡಲಾಗುವುದು. ಹದಿನಾಲ್ಕನೆಯ ನಿಯಮ ಎಂದಿನಂತೆ ಜಾರಿಯಲ್ಲಿರುತ್ತದೆ."

ಒಬ್ಬರೂ ಸ್ಪರ್ಧೆಗೆ ಬರಲಿಲ್ಲ. ಲೇಡಿಯವರಿಂದ ವಾರಕ್ಕೊಂದು ಪತ್ರ. ಏಜೆಂಟ್ ಡಾಕ್ರೆಲ್ ಸಾಹೇಬರಿಗೆ ಊಟ ಸೇರದಂತಾಯಿತು.

"ಇಡೀ ಎಸ್ಟೇಟಲ್ಲಿ ಒಬ್ಬನಾದ್ರೂ ಶುಭ್ರವಾಗಿರಬಾರದೇನಯ್ಯ?" ಎಂದು ನನ್ನ ಮೇಲೆ ರೇಗಿದರು.

ನಮ್ಮ ಕಡೆ ವರ್ಷಕ್ಕೆರಡು ಸಲ ಪಾದ್ರಿಗಳು ಸರದಿಯ ಮೇಲೆ ಯಾರಾದರೊಬ್ಬರ ಮನೆಗೇ ಬಂದು ರೊಟ್ಟಿ, ದ್ರಾಕ್ಷಾರಸವಿಟ್ಟು ಬಲಿಪೂಜೆ ಮಾಡುತ್ತಾರೆ. ಸರದಿ ಬಂದ ಮನೆಗೆ ಸುಣ್ಣ ಬಳಿಯಲೇಬೇಕು. ಮಸಿಗೋಡೆಯ ಮುಂದೆ ದೇವರನ್ನು ಕರೆದು ನಿಲ್ಲಿಸುವಷ್ಟು ನಾಚಿಕೆಗೆಟ್ಟವರು ನಾವಲ್ಲ. ಆ ವಸಂತದ ಸರದಿ ವಿಧವೆ ಓನೋರಾ ಮುಲ್ರೂನಿಯ ಪಾಲಿಗೆ ಬಂತು. ಅವಳಿಗಿದ್ದದ್ದು ನಾಲ್ಕು ಎಕರೆ, ಗಂಡ ಕಲ್ಲು ಹೊತ್ತು ಕಟ್ಟಿದ ಮನೆ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಗೇಣಿ ಒಂಚೂರು ಏರಿದರೂ ಮೂವರಿಗೂ ಬೀದಿಯೇ ಗತಿ.

"ಈ ಸಲ ಮಸಿಯಲ್ಲೇ ಮುಗಿಸಿಬಿಡಿ ಫಾದರ್. ದೇವ್ರಿಗೆ ನನ್ನ ಕಷ್ಟ ಗೊತ್ತಿಲ್ವ?"

"ದೇವ್ರಿಗೆ ಗೊತ್ತು ಕಣಮ್ಮ," ಅಂದರು ಫಾದರ್ ಟಾರ್ಪಿ. "ಪಕ್ಕದೂರಿನ ಪಾದ್ರಿಗೆ ಗೊತ್ತಿಲ್ವಲ್ಲ! ಗಲೀಜು ಮನೇಲಿ ಪೂಜೆ ಮಾಡ್ದ ಅಂತ ನನ್ನ ಮಾನ ಹರಾಜು ಹಾಕ್ತಾನೆ."

ಫೆಸ್ಟಸ್ ಧೈರ್ಯ ಹೇಳಿದ. "ಅಯ್ಯೋ, ಅಷ್ಟೇ ತಾನೆ ಅಕ್ಕ? ಸರದಿ ಬಂದಾಗ ಎಲ್ಲರೂ ಮಾಡೋ ಹಾಗೆ ಬೆಳಿಗ್ಗೆ ಬೆಳ್ಳಗೆ ಮಾಡು. ಪೂಜೆ ಮುಗಿದು ಫಾದರ್ ಹೊರಟ ತಕ್ಷಣ ನಾವೆಲ್ಲ ಸೇರಿ ಕೆಸರು ಎರಚಿಬಿಡ್ತೀವಿ. ಮಧ್ಯಾಹ್ನದ ಹೊತ್ತಿಗೆ ನಮ್ಮನೆಗಿಂತ ಗಲೀಜಾಗಿರತ್ತೆ."

"ನಿಮ್ಮನೆಗಿಂತ ಗಲೀಜು ಮಾಡೋಕೆ ಒಂದು ದಿನ ಸಾಲಲ್ಲ ಕಣೋ," ಅಂದಳು ಓನೋರಾ. ಆದರೂ ಒಪ್ಪಿದಳು.

ಪೂಜೆಗೆ ನಾನೂ ಹೋಗಿದ್ದೆ. ಭಕ್ತನಾಗಿ ಹೋದದ್ದರಿಂದ ಗುಮಾಸ್ತನ ಕಣ್ಣಿಗೆ ಏನೂ ಬೀಳಲಿಲ್ಲ. ಪೂಜೆ ಮುಗಿದು ಫಾದರ್ ತಿಂಡಿಗೆ ಕೂತರು. ಅವರು ಒಳಗೆ ಉಣ್ಣುತ್ತಿರುವಾಗ ಹೊರಗೆ ಗೋಡೆಗೆ ಕೆಸರು ಎರಚುವುದು ಮರ್ಯಾದೆಯಲ್ಲ. ಇಪ್ಪತ್ತು ಜನ ಬಕೆಟ್ಟು ಹಿಡಿದು ಅಂಗಳದಲ್ಲಿ ಕಾದರು. ಫಾದರ್ ಒಂದು ಮೊಟ್ಟೆ ತಿಂದರು. ಚೆನ್ನಾಗಿದೆಯಮ್ಮ ಅಂತ ಇನ್ನೊಂದು ಕೇಳಿದರು. ಆ ಎರಡನೆಯ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿರುವಾಗಲೇ ಡಾಕ್ರೆಲ್ ಸಾಹೇಬರ ಕುದುರೆ ಅಂಗಳಕ್ಕೆ ಬಂತು.

"ಏನಯ್ಯ ಅದು ಬಕೆಟ್ಟಲ್ಲಿ?"

"ಕೆಸರು ಸಾಹೇಬ್ರೆ, ಆಲೂಗಡ್ಡೆ ಪಾತಿಗೆ," ಅಂದ ಫೆಸ್ಟಸ್.

"ಪೂಜೆಗೆ ತಂದಿದ್ದೀರಾ?"

"ನಮ್ಮಲ್ಲಿ ಭಕ್ತಿ ಜಾಸ್ತಿ, ಸಾಹೇಬ್ರೆ."

ಸಾಹೇಬರು ಕೇಳಿಸಿಕೊಳ್ಳಲಿಲ್ಲ. ಗೋಡೆಯ ಮುಂದೆ ಟೋಪಿ ತೆಗೆದು ನಿಂತುಬಿಟ್ಟಿದ್ದರು, ಕಣ್ಣಲ್ಲಿ ನೀರು. "ಸಿಕ್ತು! ಲೇಡಿಯವರಿಗೆ ಇವತ್ತೇ ಬರೀತೀನಿ."

ಓನೋರಾ ಓಡಿ ಬಂದಳು. "ಇದು ದೇವ್ರಿಗೆ ಬಳಿದಿದ್ದು ಸಾಹೇಬ್ರೆ, ನಂಗಲ್ಲ. ಒಂದು ಗಳಿಗೆ ಆ ಕಡೆ ತಿರುಗಿ, ಮೊದಲಿನ ಹಾಗೇ ಮಾಡಿಬಿಡ್ತೀನಿ, ನಿಮ್ಮ ದಮ್ಮಯ್ಯ."

"ಬಹುಮಾನ ಬಂದ ಗೋಡೆ ಮೇಲೆ ಕೆಸರು? ಮೂವತ್ತೊಂದನೆಯ ನಿಯಮದ ಪ್ರಕಾರ ಅದು ಅಪರಾಧ. ಹೌದೋ ಅಲ್ವೋ?" ಎಂದು ನನ್ನತ್ತ ನೋಡಿದರು.

ಹೌದು ಎಂದೆ. ಆವರೆಗೆ ನಮ್ಮಲ್ಲಿ ಇದ್ದದ್ದು ಮೂವತ್ತು ನಿಯಮ. ಮೂವತ್ತೊಂದನೆಯದನ್ನು ಅಲ್ಲೇ ಬಾಗಿಲ ಬಳಿ ನಿಂತು ಬರೆದೆ.

ಲೇಡಿಯವರ ಚಿತ್ರ ಗೋಡೆಗೇರಿತು, ಗೇಣಿ ಒಂದೂವರೆ ಪಟ್ಟಾಯಿತು. ನವೆಂಬರಿನಲ್ಲಿ ಅವಳನ್ನು ಕ್ರಮಬದ್ಧವಾಗಿ ಒಕ್ಕಲೆಬ್ಬಿಸಲಾಯಿತು. ಮಂಚ, ಮಡಕೆ, ರಾಟೆ ಹೊರಗೆ ಬಂದವು. ಒಲೆಗೆ ನೀರು ಹೊಯ್ದೆವು. ಸಾಮಾನ್ಯವಾಗಿ ಸೂರನ್ನೂ ಕೀಳುತ್ತೇವೆ, ಬಹುಮಾನಿತ ಮನೆಯೆಂದು ಬಿಟ್ಟೆವು. ಈ ಕರುಣೆಯನ್ನು ದಾಖಲಿಸಲಾಗಿದೆ. ಚಿತ್ರ ಮಾತ್ರ ಎಸ್ಟೇಟಿನದಾದ್ದರಿಂದ ಗೋಡೆಯಲ್ಲೇ ಉಳಿಯಿತು. ಚಿಕ್ಕ ಹುಡುಗಿ ಅದನ್ನೇ ನೋಡುತ್ತಾ, "ಅಮ್ಮಾ, ಅವಳನ್ಯಾಕೆ ಹೊರಗೆ ಹಾಕಲ್ಲ?" ಅಂದಳು. ನನ್ನ ಕರುಳು ಚುರುಕ್ಕೆಂದಿತು. ಊಟದ ಬಿಡುವಾಗಿದ್ದರಿಂದ ಅದಕ್ಕೆ ಅಭ್ಯಂತರವಿರಲಿಲ್ಲ.

ಓನೋರಾ ರಸ್ತೆಯಾಚೆ ಹಳ್ಳದ ದಂಡೆ ಕೊರೆದು, ಮೇಲೆ ಹುಲ್ಲುಹೆಂಟೆ ಹೊದಿಸಿ ಮಕ್ಕಳೊಂದಿಗೆ ಇದ್ದುಕೊಂಡಳು. ದಂಡೆಯೂ ಎಸ್ಟೇಟಿನದೇ, ಆದ್ದರಿಂದ ಗೇಣಿ ಮುಂದುವರಿಯಿತು. ಅದನ್ನು ಕಟ್ಟಲೆಂದು ಅವಳಿಗೆ ಕೆಲಸವನ್ನೂ ಕೊಟ್ಟೆವು. ತಿಂಗಳಿಗೊಮ್ಮೆ ಆ ಮನೆಗೆ ಸುಣ್ಣ ಬಳಿಯುವ ಕೆಲಸ.

ಮರುವರ್ಷವೂ ಬಹುಮಾನ ಅದೇ ಮನೆಗೆ. ಹೊಗೆಯಿಲ್ಲ, ಕೋಳಿಯಿಲ್ಲ, ಕೆಸರು ಕಾಲಿನ ಮಕ್ಕಳಿಲ್ಲ, ಅದರ ಸಮಕ್ಕೆ ಯಾರ ಮನೆ ನಿಂತೀತು? ಸುದ್ದಿ ಕೇಳಿ ಸರ್ ಆಂಬ್ರೋಸ್ ಸ್ವತಃ ಹಡಗು ಹತ್ತಿ ಬಂದರು.

"ಇಲ್ಲಿ ವಾಸ ಯಾರು?"

"ಯಾರೂ ಇಲ್ಲ ದೊರೆ, ಅದೇ ಇದರ ಗುಟ್ಟು," ಅಂದರು ಡಾಕ್ರೆಲ್ ಸಾಹೇಬರು.

ದೊರೆ ಬ್ರಷ್ಷು ಹಿಡಿದು ನಿಂತಿದ್ದ ಹೆಂಗಸಿನತ್ತ ತಿರುಗಿದರು. "ಇಂಥ ಮನೇಲಿ ಇರೋಕೆ ನಿನಗೆ ಆಸೆ ಆಗಲ್ವೇನಮ್ಮ?"

"ಆಗತ್ತೆ ದೊರೆ," ಅಂದಳು ಓನೋರಾ. "ಆದ್ರೆ ನಾನು ಒಳಗಿದ್ರೆ ಅದು ಮನೆ ಥರ ಕಾಣ್ಬಿಡತ್ತೆ."

ಕೂಲಿ ಹೆಂಗಸಿನ ಈ ತಿಳುವಳಿಕೆಗೆ ದೊರೆ ಮನಸೋತರು. ಉಳಿದ ಹದಿನೇಳು ಮನೆಗಳನ್ನೂ ಇದೇ ಮಟ್ಟಕ್ಕೆ ತರತಕ್ಕದ್ದು ಎಂದು ಅಪ್ಪಣೆಯಾಯಿತು. ಮೂವತ್ತೆರಡನೆಯ ನಿಯಮವನ್ನು ನಾನು ಗಟ್ಟಿಯಾಗಿ ಓದಿದಾಗ ಯಾರೂ ತಕರಾರು ಮಾಡಲಿಲ್ಲ. ಹಳ್ಳದ ದಂಡೆಯಲ್ಲಿ ಬಿಸಿಲು ಬೀಳುವ ಕಡೆ ತನಗೊಂದಿಷ್ಟು ಜಾಗ ಬೇಕೆಂದು ಫೆಸ್ಟಸ್ ಮಾತ್ರ ಕೇಳಿದ. ಅರ್ಜಿ ಕೊಡಬೇಕು ಎಂದು ಹೇಳಿ, ನಾನೇ ಅವನ ಪರವಾಗಿ ಬರೆದುಕೊಟ್ಟೆ. ಆಮೇಲೆ ಇನ್ನೊಂದು ಹಾಳೆ ತೆಗೆದುಕೊಂಡು ನನ್ನದನ್ನೂ ಬರೆದೆ. ಗುಮಾಸ್ತನ ಮನೆಯೂ ಎಸ್ಟೇಟಿನದೇ.