ಒಳಕೋಣೆಯ ಸ್ಟೆಪ್ನಿ

ಬಣ್ಣ ಹಚ್ಚುವುದರಲ್ಲಿ ನಮ್ಮ ಕುಮಟೆಯಿಂದ ಭಟ್ಕಳದವರೆಗೆ ನನ್ನನ್ನು ಮೀರಿಸುವ ಗಂಡಸಿಲ್ಲ! ಎರಡು ಸಾವಿರದ ಒಂದನೇ ಇಸವಿಯಲ್ಲಿ ಇದನ್ನು ಸಾಬೀತು ಮಾಡಿಯೇ ಸಿದ್ಧ ಎಂದು ಪಣ ತೊಟ್ಟೆ. ನಾನು ಮಾಡುವುದು ಗೇಣುದ್ದದ ಪ್ಲಾಸ್ಟಿಕ್ ಹಡಗುಗಳು. ಬ್ರಷ್ಷಿನಲ್ಲಿ ಎಣ್ಣೆಬಣ್ಣ ಬಳಿಯುವುದೇ ನನ್ನ ಧರ್ಮ. ಭಟ್ಕಳದ ಗೆಳೆಯ ದಿನಕರನ ಹತ್ತಿರ ಮಾತ್ರ ದುಬೈಯಿಂದ ಬಂದ ಏರ್‌ಬ್ರಷ್ ಇತ್ತು. ಬಣ್ಣವನ್ನು ಗಾಳಿಯಲ್ಲಿ ಊದುವ, ಪೆನ್ನಿನಷ್ಟಿದ್ದ ಪಿಚಕಾರಿ.

"ನಿನ್ನ ಬ್ರಷ್ಷು ಗೋಡೆಗೆ ಸುಣ್ಣ ಹೊಡೂಕೆ ಲಾಯ್ಕು!" ಎಂದ ದಿನಕರ.

ಕೆರಳಿದೆ. ಪ್ಲಾಸ್ಟಿಕ್ ಚಮಚಗಳ ಮೇಲೆ ಎರಡನ್ನೂ ಪರೀಕ್ಷಿಸುವುದೆಂದು ಪಂದ್ಯ ಕಟ್ಟಿ, ಅವನ ಪಿಚಕಾರಿಯನ್ನೇ ಎರವಲು ತಂದೆ. ಆದರೆ ಗಾಳಿ ಎಲ್ಲಿಂದ? "ಸ್ಕೂಟರಿನ ಸ್ಟೆಪ್ನಿಗೆ ಪೈಪು ಸಿಕ್ಕಿಸು" ಎಂದು ಅವನೇ ಫೋನಿನಲ್ಲಿ ಉಪಾಯ ಹೇಳಿದ. ಹೊರಗೆ ಊದಿದರೆ ಹಸಿ ಬಣ್ಣಕ್ಕೆ ಧೂಳು ಕೂರುತ್ತದೆ; ಮನೆಯೊಳಗೆ ಬಣ್ಣ ತರಬಾರದೆಂದು ಹೆಂಡತಿ ಮಾಲತಿಯ ಕಟ್ಟಪ್ಪಣೆ. ಹಾಗಾಗಿ ದನಿ ತಗ್ಗಿಸಿ, "ಆತು ಮಾರಾಯ. ಮಾಲತಿ ಪೇಟೆಗೆ ಹೋದ ಕೂಡ್ಲೇ ಸ್ಟೆಪ್ನೀನ ಒಳಕೋಣೆಗೆ ತಂದ್ಕಂತೆ. ಅವಳಿಗೆ ಗೊತ್ತಾಗ್ಬಾರ್ದು" ಎಂದೆ.

ಬಾಗಿಲ ಹಿಂದೆ ಬಳೆಯ ಸದ್ದಾಯಿತು.

ಸ್ಟೆಪ್ನಿ ಅಂದರೆ ಬರೀ ಟಯರಲ್ಲ, ಗಂಡಸು ಗುಟ್ಟಾಗಿ ಇಟ್ಟುಕೊಂಡವಳೂ ಹೌದೆಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ! ಸಂಜೆ ಮಾಲತಿ ನನ್ನ ಅಂಗಿ ಮೂಸಿದಳು.

"ಎಂತ ಸೆಂಟು ಇದು?"

"ತಿನ್ನರ್."

"ಕಾಲರಿಗೆ ಕೆಂಪು?"

"ಹಡಗಿನ ತಳದ ಬಣ್ಣ ಮಾರಾಯ್ತಿ!"

"ಹಡಗು ನಿಮ್ಮ ಕೊರಳಿಗೆ ಬಿದ್ದಿತ್ತಾ?"

ಶನಿವಾರ ಅವಳು ಚೀಲ ಹಿಡಿದು ಪೇಟೆಗೆ ಹೊರಟಳು. ನಾನು ಸ್ಟೆಪ್ನಿ ಬಿಚ್ಚಿ ಒಳಗೆ ತಂದು, ಚಿಲಕ ಹಾಕಿ, ಆರು ಚಮಚಕ್ಕೆ ಬ್ರಷ್ಷಾಡಿಸಿ, ಉಳಿದ ಆರಕ್ಕೆ ಪಿಚಕಾರಿ ಹಿಡಿದೆ. ಸ್ಸ್ಸ್...

ಬಾಗಿಲು ದಬದಬ! ಪೇಟೆಗೆ ಹೊರಟವಳು ಅರ್ಧ ದಾರಿಯಿಂದಲೇ ತಿರುಗಿ ಬಂದಿದ್ದಳು. "ಒಳಗೆ ಉಸಿರು ಬಿಡೂದು ಯಾರು?"

"ಯಾರೂ ಇಲ್ಲ! ಸ್ಟೆಪ್ನಿ!"

"ಅಯ್ಯಯ್ಯೋ, ಬಾಯಿ ಬಿಟ್ಟೇ ಹೇಳ್ತೀರಲ್ಲ! ನಾ ಹೊನ್ನಾವರಕ್ಕೆ ಅಮ್ಮನ ಮನೆಗೆ ಹೊರಟೆ. ಇನ್ನು ಬರೂದಿಲ್ಲ!"

ಗಡಬಡಿಸಿ ಬಾಗಿಲು ತೆಗೆದೆ. ಅವಳು ಮಂಚದ ಕೆಳಗೆ ಬಗ್ಗಿದಳು, ಕಪಾಟು ತೆಗೆದಳು, ಕೊನೆಗೆ ಟಯರನ್ನು ಕಾಲಲ್ಲಿ ಒದ್ದಳು. ನನ್ನ ಬಣ್ಣ ಬಯಲಾಗಿತ್ತು. ಚಮಚಗಳನ್ನು ನೋಡಿ ತೀರ್ಪನ್ನೂ ಅವಳೇ ಕೊಟ್ಟಳು: "ಊದಿದ್ದು ನುಣ್ಣಗಿದೆ. ನೀವು ಬಳಿದದ್ದು ಗೀರೇ ಗೀರು." ಪಂದ್ಯವೂ ಹೋಯಿತು.

"ಈಗ ಸ್ಕೂಟರ್ ತೆಗೀರಿ. ಅಮ್ಮಂಗೆ ಫೋನ್ ಮಾಡಿ ಅತ್ತಾಗಿದೆ. ನೀವೇ ಬಂದು ಬಿಡಿಸಿ ಹೇಳಿ."

ಸ್ಟೆಪ್ನಿಯನ್ನು ಸ್ವಸ್ಥಾನಕ್ಕೆ ಸಿಕ್ಕಿಸಿ ಹೊರಟೆ. ಹಳದೀಪುರದ ಹತ್ತಿರ ಹಿಂದಿನ ಚಕ್ರ ಠುಸ್! ಗತ್ತಿನಿಂದ ಸ್ಟೆಪ್ನಿ ಬಿಚ್ಚಿದರೆ ಅದು ದೋಸೆಯಂತೆ ಮೆತ್ತಗೆ. ಗಾಳಿಯೆಲ್ಲ ಚಮಚಗಳಿಗೆ ಖರ್ಚಾಗಿತ್ತು! ಸುಡುಬಿಸಿಲಲ್ಲಿ ನಾನು ಹ್ಯಾಂಡಲ್ ಹಿಡಿದೆ, ಮಾಲತಿ ಹಿಂದಿನಿಂದ ದೂಡಿದಳು.

ಸ್ವಲ್ಪ ದೂರ ಹೋದ ಮೇಲೆ ಏದುಸಿರು ಬಿಡುತ್ತ ಹೇಳಿದಳು: "ಆ ಸ್ಟೆಪ್ನಿ ಹೆಣ್ಣೇ ಆಗಿರ್ಬೇಕಿತ್ರೀ. ನನ್ನ ಸಂಗಡ ದೂಡೂಕೆ ಒಬ್ಬಳಾದ್ರೂ ಸಿಗ್ತಿದ್ಲು!"